ಗಂಟುಬಾವಿಗೂ ಕೆಲಸದ ಧೂಳಿಗೂ ಇರುವ ನಂಟು



ನಮ್ಮ ಸಂಘದ ವೈದ್ಯಕೀಯ ನೆರವು ನಿಧಿಗೆ ಬರುವ ಅರ್ಜಿಗಳನ್ನು ಪರಿಶೀಲಿಸುವ ಉಪಸಮಿತಿಯಲ್ಲಿ ನಾನೂ ಒಬ್ಬ. ಹೃದಯದ ಶಸ್ತ್ರಚಿಕಿತ್ಸೆ, ಡಯಾಲಿಸಿಸ್, ಕ್ಯಾನ್ಸರ್ ಎಂದು ಬರೆದ ಅರ್ಜಿಗಳಿಗೆ ಸಭೆಯಲ್ಲಿ ಹೆಚ್ಚು ಚರ್ಚೆ ನಡೆಯುವುದಿಲ್ಲ. ‘ಕೈಕಾಲು ಗಂಟುಗಳ ಬಾವು’ ಎಂದಿರುವ ಅರ್ಜಿ ಬಂದರೆ ಮಾತ್ರ ಯಾರಾದರೊಬ್ಬರು, “ವಾತ ತಾನೆ, ವಯಸ್ಸಾದ ಮೇಲೆ ಯಾರಿಗಿಲ್ಲ?” ಎನ್ನುತ್ತಾರೆ. ಅರ್ಜಿದಾರರ ವಯಸ್ಸು ನೋಡಿದರೆ ನಲವತ್ತೂ ದಾಟಿರುವುದಿಲ್ಲ.

ಬ್ಯಾಂಕಿನಲ್ಲಿ ವರ್ಷಗಟ್ಟಲೆ ಸಾಲದ ಅರ್ಜಿಗಳನ್ನು ನೋಡಿದವನಿಗೆ ತುಂಬಿದ ಕಾಲಂಗಿಂತ ಖಾಲಿ ಬಿಟ್ಟ ಕಾಲಂ ಮೊದಲು ಕಣ್ಣಿಗೆ ಬೀಳುತ್ತದೆ. ಈ ಅರ್ಜಿಗಳಲ್ಲಿ ಹಾಗೆ ಖಾಲಿ ಉಳಿಯುವುದು ‘ಉದ್ಯೋಗ’ದ ಕಾಲಂ. ಕೆಲವರು ಅಲ್ಲಿ ‘ಕೂಲಿ’ ಎಂದು ಬರೆಯುತ್ತಾರೆ, ಕೆಲವರು ‘ಖಾಸಗಿ ನೌಕರಿ’, ಹೆಂಗಸರು ‘ಗೃಹಿಣಿ’. ವಿಚಾರಿಸಿದರೆ ‘ಕೂಲಿ’ ಎಂದವರು ಹತ್ತೊಂಬತ್ತು ವರ್ಷ ಗ್ರಾನೈಟ್ ಕಲ್ಲು ಕೊಯ್ದವರು. ‘ಗೃಹಿಣಿ’ ಎಂದವರು ಮದುವೆಗೆ ಮುಂಚೆಯೂ ಆಮೇಲೂ ಹತ್ತಿ ಚಿಂದಿ ಬಿಡಿಸುವ ಗಾಲಾದಲ್ಲಿ ದುಡಿದವರು. ಇವರಿಬ್ಬರಿಗೂ ಬಂದಿರುವುದು ಒಂದೇ ರೋಗ, ರುಮಟಾಯ್ಡ್ ಆರ್ಥ್ರೈಟಿಸ್. ಈ ರೋಗಕ್ಕೂ ಅವರು ಮಾಡಿದ ಕೆಲಸಕ್ಕೂ ಸಂಬಂಧ ಇರಬಹುದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹಾಗಾಗಿ ವೈದ್ಯರ ಮುಂದೆ ಅವರೂ ಅದನ್ನು ಹೇಳಿರಲಿಲ್ಲ.

ನಾನು ವೈದ್ಯನಲ್ಲ, ವಾಣಿಜ್ಯ ಓದಿದವನು. ಅರ್ಜಿಗಳ ಜೊತೆಗಿನ ವರದಿಗಳು ಅರ್ಥವಾಗಲೆಂದು ಓದುತ್ತಾ, ಬಲ್ಲವರನ್ನು ಕೇಳುತ್ತಾ ತಿಳಿದುಕೊಂಡದ್ದನ್ನು ಇಲ್ಲಿ ಇಡುತ್ತಿದ್ದೇನೆ. ಚಿಕಿತ್ಸೆಯ ನಿರ್ಧಾರ ವೈದ್ಯರದ್ದೇ.

ಎಲ್ಲ ಗಂಟುನೋವೂ ಒಂದೇ ಅಲ್ಲ

ನಮ್ಮ ಕಡೆ ಗಂಟು ನೋಯುವುದೆಲ್ಲ ‘ವಾಯು’. ಆಲೂಗಡ್ಡೆ ಬಿಡು, ಬದನೆಕಾಯಿ ಬಿಡು, ಹುಳಿ ಬಿಡು ಎನ್ನುವುದು ಅದಕ್ಕೆ ಸಿಗುವ ಮೊದಲ ಸಲಹೆ. ಮುಖ್ಯವಾಗಿ ಎರಡು ಬಗೆಯ ಕಾಯಿಲೆಗಳನ್ನು ಬೇರೆ ಬೇರೆಯಾಗಿ ಗುರುತಿಸಬೇಕು.

ಮೊದಲನೆಯದು ಸವೆತದ ನೋವು, ಆಸ್ಟಿಯೋ ಆರ್ಥ್ರೈಟಿಸ್. ವಯಸ್ಸಿನ ಜೊತೆ, ದೇಹದ ತೂಕದ ಜೊತೆ, ಕುಕ್ಕರಗಾಲಲ್ಲಿ ಕೂತು ಮಾಡುವ ಕೆಲಸದ ಜೊತೆ ಬರುವಂಥದ್ದು. ಹೆಚ್ಚಾಗಿ ಮಂಡಿಗೆ ಬರುತ್ತದೆ. ನಡೆದರೆ, ಮೆಟ್ಟಿಲು ಹತ್ತಿದರೆ ನೋವು ಏರುತ್ತದೆ. ಕೂತು ವಿಶ್ರಾಂತಿ ಪಡೆದರೆ ಇಳಿಯುತ್ತದೆ.

ಎರಡನೆಯದು ಉರಿಯೂತದ ಗಂಟುರೋಗ. ಇಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಕೀಲುಗಳ ಒಳಪೊರೆಯ ಮೇಲೆ ದಾಳಿ ಮಾಡುತ್ತದೆ. ರುಮಟಾಯ್ಡ್ ಆರ್ಥ್ರೈಟಿಸ್ ಇದರಲ್ಲಿ ಮುಖ್ಯವಾದದ್ದು. ಇದರ ಲಕ್ಷಣಗಳು ಬೇರೆ. ಬೆಳಗ್ಗೆ ಎದ್ದಾಗ ಬೆರಳುಗಳು ಮಡಚಲು ಬರುವುದಿಲ್ಲ; ಆ ಬಿಗಿತ ಅರ್ಧ ಗಂಟೆ, ಕೆಲವೊಮ್ಮೆ ಒಂದು ಗಂಟೆಗೂ ಮೀರಿ ಇರುತ್ತದೆ. ಕೈ ಆಡಿಸಿದ ಮೇಲೆ ನಿಧಾನವಾಗಿ ಸಡಿಲವಾಗುತ್ತದೆ. ಮುಷ್ಟಿಯ ಗೆಣ್ಣುಗಳು, ಬೆರಳಿನ ನಡುವಿನ ಗಂಟುಗಳು, ಮಣಿಕಟ್ಟು, ಪಾದದ ಮುಂಭಾಗದ ಸಣ್ಣ ಗಂಟುಗಳು ಹೀಗೆ ಎರಡೂ ಕಡೆ ಸಮನಾಗಿ ಊದಿಕೊಳ್ಳುತ್ತವೆ. ಕೈಕುಲುಕಿದರೆ ನೋವು. ಜೊತೆಗೆ ವಿಪರೀತ ಸುಸ್ತು, ಕೆಲವರಿಗೆ ಸಣ್ಣ ಜ್ವರ.

ನಮ್ಮ ದೇಶದಲ್ಲಿ ಈ ರೋಗ ನೂರಕ್ಕೆ ಒಬ್ಬರಿಗಿಂತ ಕಡಿಮೆ ಮಂದಿಗೆ ಬರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ದುಡಿಯುವ ವಯಸ್ಸಿನಲ್ಲೇ, ಬಹಳ ಮಟ್ಟಿಗೆ ಮೂವತ್ತರಿಂದ ಅರವತ್ತರ ನಡುವೆ, ಶುರುವಾಗುತ್ತದೆ. ಗಂಟುಗಳಿಗಷ್ಟೇ ಸೀಮಿತವೂ ಅಲ್ಲ. ಶ್ವಾಸಕೋಶ, ಕಣ್ಣು, ಹೃದಯದ ರಕ್ತನಾಳಗಳಿಗೂ ಮುಟ್ಟಬಲ್ಲದು.

ಧೂಳು ಹೋಗುವುದು ಎದೆಗೆ, ಬಾವು ಬರುವುದು ಬೆರಳಿಗೆ: ಹೇಗೆ?

ಮೊದಲ ಸಲ ಓದಿದಾಗ ನನಗೂ ಇದು ವಿಚಿತ್ರವೆನಿಸಿತ್ತು. ಉಸಿರಿನ ಮೂಲಕ ಒಳಗೆ ಹೋದ ಧೂಳು ಶ್ವಾಸಕೋಶವನ್ನು ಕೆಡಿಸುವುದು ಅರ್ಥವಾಗುತ್ತದೆ. ಅದು ಬೆರಳಿನ ಗಂಟಿಗೆ ಏನು ಮಾಡೀತು?

ವೈದ್ಯಲೋಕದಲ್ಲಿ ಈ ಪ್ರಶ್ನೆಗೆ ದೊಡ್ಡ ಸುಳಿವು ಸಿಕ್ಕಿದ್ದು ಬ್ರಿಟನ್ನಿನ ದಕ್ಷಿಣ ವೇಲ್ಸ್‌ನ ಕಲ್ಲಿದ್ದಲು ಗಣಿಗಳಲ್ಲಿ. 1953ರಲ್ಲಿ ಆಂಥೊನಿ ಕ್ಯಾಪ್ಲಾನ್ ಎಂಬ ವೈದ್ಯರು ಗಣಿ ಕಾರ್ಮಿಕರ ಎದೆಯ ಎಕ್ಸ್‌ರೇಗಳನ್ನು ನೋಡುವಾಗ, ರುಮಟಾಯ್ಡ್ ರೋಗವಿದ್ದವರ ಶ್ವಾಸಕೋಶದಲ್ಲಿ ವಿಶಿಷ್ಟವಾದ ದುಂಡನೆಯ ಗಂಟುಗಳಿರುವುದನ್ನು ಗುರುತಿಸಿದರು. ಇಂದಿಗೂ ಅದನ್ನು ಕ್ಯಾಪ್ಲಾನ್ ಸಿಂಡ್ರೋಮ್ ಎನ್ನುತ್ತಾರೆ. ಅದಕ್ಕೂ ಮುಂಚೆ, 1914ರಲ್ಲಿ, ಎಡಿನ್‌ಬರೋದ ವೈದ್ಯ ಬೈರಮ್ ಬ್ರಾಮ್‌ವೆಲ್ ಅವರು ಚರ್ಮ ಬಿಗಿದು ಗಟ್ಟಿಯಾಗುವ ಸ್ಕ್ಲೀರೋಡರ್ಮಾ ಎಂಬ ಕಾಯಿಲೆ ಕಲ್ಲುಕುಟಿಗರಲ್ಲಿ ಕಾಣುವುದನ್ನು ಬರೆದಿಟ್ಟಿದ್ದರು. ಅದೂ ರಕ್ಷಣಾ ವ್ಯವಸ್ಥೆ ದಾರಿ ತಪ್ಪಿದ್ದರಿಂದ ಬರುವ ರೋಗವೇ.

ಈಗ ವಿಜ್ಞಾನಿಗಳು ಕೊಡುವ ವಿವರಣೆಯನ್ನು ಸರಳವಾಗಿ ಹೇಳುತ್ತೇನೆ. ಕಲ್ಲು, ಮರಳು, ಕಾಂಕ್ರೀಟ್‌ಗಳಲ್ಲಿ ಸಿಲಿಕಾ ಎಂಬ ಖನಿಜವಿದೆ. ಕಲ್ಲು ಕೊಯ್ಯುವಾಗ ಏಳುವ ಅದರ ಅತಿ ಸೂಕ್ಷ್ಮ ಕಣಗಳು ಕಣ್ಣಿಗೆ ಕಾಣುವುದಿಲ್ಲ, ಮೂಗಿನಲ್ಲಿ ನಿಲ್ಲುವುದಿಲ್ಲ; ನೇರ ಶ್ವಾಸಕೋಶದ ತುದಿಗೆ ಹೋಗಿ ಕೂರುತ್ತವೆ. ಅಲ್ಲಿರುವ ಕಾವಲು ಜೀವಕೋಶಗಳು ಅವನ್ನು ನುಂಗುತ್ತವೆ, ಆದರೆ ಅರಗಿಸಲಾರದೆ ತಾವೇ ಸಾಯುತ್ತವೆ. ಆಗ ಅಲ್ಲಿ ಉರಿಯೂತ ಎದ್ದು, ದೇಹದ ಕೆಲವು ಪ್ರೊಟೀನುಗಳ ರೂಪ ಬದಲಾಗುತ್ತದೆ. ಈ ಬದಲಾವಣೆಗೆ ಸಿಟ್ರುಲಿನೇಶನ್ ಎನ್ನುತ್ತಾರೆ. ಕೆಲವರ ದೇಹದಲ್ಲಿ, ಅದರಲ್ಲೂ ಹುಟ್ಟಿನಿಂದ ಒಂದು ಬಗೆಯ ಜೀನ್ ಇರುವವರಲ್ಲಿ, ರಕ್ಷಣಾ ವ್ಯವಸ್ಥೆ ಈ ಬದಲಾದ ಪ್ರೊಟೀನುಗಳನ್ನು ಪರಕೀಯವೆಂದು ತಿಳಿದು ಅವುಗಳ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತದೆ. ರಕ್ತದಲ್ಲಿ ಓಡಾಡುವ ಆ ಪ್ರತಿಕಾಯಗಳು ಮುಂದೆ ಕೀಲುಗಳಲ್ಲಿ ಗಲಾಟೆ ಎಬ್ಬಿಸುತ್ತವೆ. ಗಂಟು ಊದುವುದಕ್ಕೆ ಹಲವು ವರ್ಷ ಮುಂಚೆಯೇ ಇವು ರಕ್ತದಲ್ಲಿ ಇರುತ್ತವೆ ಎಂಬುದು ಸಂಗ್ರಹಿಸಿಟ್ಟ ಹಳೆಯ ರಕ್ತದ ಮಾದರಿಗಳಿಂದ ಸಾಬೀತಾಗಿದೆ. ನಿಮ್ಮ ವೈದ್ಯರು ಬರೆದುಕೊಡುವ ‘ಆಂಟಿ ಸಿಸಿಪಿ’ ಪರೀಕ್ಷೆ ಹುಡುಕುವುದು ಇವನ್ನೇ.

ಬೀಡಿ ಸಿಗರೇಟಿನ ಹೊಗೆ ಕೂಡ ಇದೇ ದಾರಿ ಹಿಡಿಯುತ್ತದೆ. ಆದ್ದರಿಂದ ಧೂಳಿನ ಕೆಲಸ ಮಾಡುವವರು ಬೀಡಿಯನ್ನೂ ಸೇದಿದರೆ ಅಸಲಿಗೆ ಬಡ್ಡಿ, ಬಡ್ಡಿಗೆ ಚಕ್ರಬಡ್ಡಿ.

ಯಾವ ಯಾವ ಕೆಲಸದವರು ಗಮನಿಸಬೇಕು

*ಕಲ್ಲಿನ ಕೆಲಸ.* ಸ್ವೀಡನ್ ದೇಶದಲ್ಲಿ 1996ರಿಂದ ಹೊಸದಾಗಿ ರುಮಟಾಯ್ಡ್ ಬಂದವರನ್ನೂ, ಅದೇ ವಯಸ್ಸಿನ ಆರೋಗ್ಯವಂತರನ್ನೂ ಹೋಲಿಸಿ ದೊಡ್ಡ ಅಧ್ಯಯನ ನಡೆದಿದೆ. ಅದರಿಂದ 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸಿಲಿಕಾ ಧೂಳಿನಲ್ಲಿ ಕೆಲಸ ಮಾಡಿದ ಗಂಡಸರಿಗೆ ಪ್ರತಿಕಾಯ ಇರುವ ಬಗೆಯ ರುಮಟಾಯ್ಡ್ ಬರುವ ಸಾಧ್ಯತೆ ಸುಮಾರು ಒಂದೂ ಮುಕ್ಕಾಲು ಪಟ್ಟು, ಬಂಡೆ ಕೊರೆಯುವವರಿಗೆ ಎರಡು ಪಟ್ಟಿಗೂ ಹೆಚ್ಚು. ಸಿಲಿಕಾ ಧೂಳಿನ ಜೊತೆ ಧೂಮಪಾನವೂ ಇದ್ದವರಲ್ಲಿ ಅದು ಏಳು ಪಟ್ಟು ದಾಟಿತ್ತು.

ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಬಂದು ಈ ಮಹಾನಗರಗಳ ಕಟ್ಟಡ ಕೆಲಸದಲ್ಲಿ ತೊಡಗಿರುವ ನಮ್ಮವರು ಎಷ್ಟು ಮಂದಿ ಎಂಬುದು ಬೆಳಗ್ಗೆ ಯಾವ ನಾಕಾಕ್ಕೆ ಹೋಗಿ ನಿಂತರೂ ತಿಳಿಯುತ್ತದೆ. ಅಡುಗೆಮನೆಯ ಕಟ್ಟೆಗೆ ಗ್ರಾನೈಟ್ ಕೊಯ್ಯುವುದು, ನೆಲದ ಟೈಲ್ಸ್ ಕತ್ತರಿಸುವುದು, ಗೋಡೆ ಒಡೆಯುವುದು, ಕಾಂಕ್ರೀಟಿಗೆ ಡ್ರಿಲ್ ಹಾಕುವುದು, ಪಾಲಿಶ್ ಹಿಡಿಯುವುದು ಎಲ್ಲವೂ ಸಿಲಿಕಾದ ಕೆಲಸಗಳೇ. ಈಗ ಫ್ಲ್ಯಾಟುಗಳಲ್ಲಿ ಜನಪ್ರಿಯವಾಗಿರುವ ಕೃತಕ ಕ್ವಾರ್ಟ್ಜ್ ಹಲಗೆಗಳಲ್ಲಿ ಸಿಲಿಕಾ ಪ್ರಮಾಣ ನೂರಕ್ಕೆ ತೊಂಬತ್ತು ದಾಟುವುದುಂಟು. ಅದನ್ನು ಕೊಯ್ಯುವವರ ಶ್ವಾಸಕೋಶ ಕೆಡುತ್ತಿರುವುದನ್ನು ನೋಡಿ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಇಂಥ ಕಲ್ಲನ್ನೇ ನಿಷೇಧಿಸಿದೆ.

*ಬಟ್ಟೆ ಮತ್ತು ಹತ್ತಿ ಧೂಳು.* ಮಲೇಷ್ಯಾದಲ್ಲಿ ರುಮಟಾಯ್ಡ್ ಹೊಸದಾಗಿ ಬಂದ 910 ಮಹಿಳೆಯರನ್ನು ಅಷ್ಟೇ ಸಂಖ್ಯೆಯ ಆರೋಗ್ಯವಂತ ಮಹಿಳೆಯರ ಜೊತೆ ಹೋಲಿಸಿದ ಅಧ್ಯಯನವಿದೆ. ಕೆಲಸದಲ್ಲಿ ಬಟ್ಟೆಯ ಧೂಳು ಸೇವಿಸಿದವರಿಗೆ ಈ ರೋಗದ ಸಾಧ್ಯತೆ 2.8 ಪಟ್ಟು ಎಂದು ಅದರಲ್ಲಿ ಕಂಡುಬಂತು. ಆ ಮಹಿಳೆಯರಲ್ಲಿ ಧೂಮಪಾನ ಮಾಡುವವರು ತೀರಾ ಕಡಿಮೆ. ಹಾಗಾಗಿ ‘ಬೀಡಿಯಿಂದ ಬಂದಿರಬೇಕು’ ಎಂದು ತಳ್ಳಿಹಾಕುವ ಹಾಗಿಲ್ಲ. ಹತ್ತಿ ಧೂಳಿನಿಂದ ಎದೆ ಬಿಗಿಯುವ ಬಿಸಿನೋಸಿಸ್ ಗಿರಣಿ ಕಾರ್ಮಿಕರಿಗೆ ಗೊತ್ತಿದ್ದ ಕಾಯಿಲೆ. ವಾರದ ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನ ಅದು ಹೆಚ್ಚು. ಅದೇ ಧೂಳು ಗಂಟಿಗೂ ತೊಂದರೆ ಮಾಡಬಹುದೆಂಬುದು ಹೊಸ ತಿಳಿವಳಿಕೆ. ಮುಂಬಯಿಯ ದೊಡ್ಡ ಗಿರಣಿಗಳು ಮುಚ್ಚಿದವು. ಪವರ್‌ಲೂಮ್, ಹೊಲಿಗೆ ಘಟಕ, ಚಿಂದಿ ವಿಂಗಡಣೆ, ಹಾಸಿಗೆ ತುಂಬುವ ಕೆಲಸ ಇಂದಿಗೂ ಇವೆ, ಹೆಚ್ಚಾಗಿ ಕಿಟಕಿ ಕಡಿಮೆ ಇರುವ ಜಾಗಗಳಲ್ಲಿ.

*ಹೊಗೆ, ಇಂಧನ, ಔಷಧ ಸಿಂಪಡಣೆ.* ಸ್ವೀಡನ್ನಿನ ಅದೇ ಅಧ್ಯಯನದ 2022ರ ವರದಿ ಉಸಿರಿನ ಮೂಲಕ ಒಳಹೋಗುವ 32 ಬಗೆಯ ವಸ್ತುಗಳನ್ನು ಪರಿಶೀಲಿಸಿತು. ಅವುಗಳಲ್ಲಿ 17ಕ್ಕೆ ಪ್ರತಿಕಾಯ ಇರುವ ರುಮಟಾಯ್ಡ್ ಜೊತೆ ನಂಟು ಕಂಡಿತು. ಸಿಲಿಕಾ, ಆಸ್ಬೆಸ್ಟಾಸ್, ಡೀಸೆಲ್ ಹೊಗೆ, ಪೆಟ್ರೋಲಿನ ಆವಿ, ಕಾರ್ಬನ್ ಮಾನಾಕ್ಸೈಡ್, ಶಿಲೀಂಧ್ರನಾಶಕಗಳು ಆ ಪಟ್ಟಿಯಲ್ಲಿವೆ. ಗ್ಯಾರೇಜಿನವರು, ಜನರೇಟರ್ ನೋಡಿಕೊಳ್ಳುವವರು, ಹಳೆಯ ಸಿಮೆಂಟ್ ಶೀಟು ಒಡೆಯುವವರು ಇದನ್ನು ಗಮನಿಸಬೇಕು.

*ಸೀಸ.* ಇದು ರುಮಟಾಯ್ಡ್ ಅಲ್ಲ, ಗೌಟ್ ಎಂಬ ಇನ್ನೊಂದು ಬಗೆಯ ಗಂಟುಬಾವು. ಸೀಸ ಮೂತ್ರಪಿಂಡವನ್ನು ಕೆಡಿಸಿದಾಗ ಯೂರಿಕ್ ಆಮ್ಲ ಹೊರಹೋಗದೆ ಉಳಿದು, ಅದರ ಹರಳುಗಳು ಗಂಟಿನಲ್ಲಿ ಕೂರುತ್ತವೆ. ಸಾಮಾನ್ಯವಾಗಿ ಕಾಲಿನ ಹೆಬ್ಬೆರಳಿನ ಬುಡ ರಾತ್ರೋರಾತ್ರಿ ಕೆಂಪಾಗಿ ಊದಿ, ಹೊದಿಕೆ ತಗುಲಿದರೂ ತಾಳಲಾಗದ ನೋವು. ಲಂಡನ್ನಿನ ವೈದ್ಯ ಗ್ಯಾರಡ್ 1859ರಲ್ಲಿಯೇ ತಮ್ಮ ಗೌಟ್ ರೋಗಿಗಳಲ್ಲಿ ಸುಮಾರು ನಾಲ್ಕರಲ್ಲೊಬ್ಬರು ಸೀಸದ ವಿಷಕ್ಕೆ ತುತ್ತಾದವರೆಂದೂ, ಅವರಲ್ಲಿ ಹೆಚ್ಚಿನವರು ಪೇಂಟರು, ಪ್ಲಂಬರುಗಳೆಂದೂ ಬರೆದಿದ್ದರು. ಇಂದು ನಮ್ಮ ನಡುವೆ ಹಳೆಯ ಬ್ಯಾಟರಿ ಬಿಚ್ಚಿ ಸೀಸ ಕರಗಿಸುವ ಕೆಲಸದವರಿಗೆ ಈ ಅಪಾಯವಿದೆ.

‘ಪಟ್ಟು’ ಎಂಬ ಲೆಕ್ಕವನ್ನು ಹೇಗೆ ಓದಬೇಕು

ಇಷ್ಟು ಓದಿ ಯಾರೂ ಗಾಬರಿಯಾಗಿ ಕೆಲಸ ಬಿಡಬಾರದು. ಬಡ್ಡಿ ದರ ಎಷ್ಟೇ ಇರಲಿ, ಅಸಲು ಎಷ್ಟೆಂದು ತಿಳಿಯದೆ ಕಂತಿನ ಭಾರ ಹೇಳಲಾಗದು. ಇಲ್ಲಿಯೂ ಹಾಗೆಯೇ. ಸಾವಿರ ಜನರಲ್ಲಿ ಏಳೆಂಟು ಮಂದಿಗೆ ಈ ರೋಗ ಇದೆಯೆಂದು ಇಟ್ಟುಕೊಳ್ಳೋಣ. 2.8 ಪಟ್ಟು ಎಂದರೆ ಅದು ಸುಮಾರು ಇಪ್ಪತ್ತಾಗುತ್ತದೆ. ಉಳಿದ ಒಂಬೈನೂರ ಎಂಬತ್ತು ಮಂದಿಗೆ ಬರುವುದಿಲ್ಲ. 2022ರ ವರದಿಯಲ್ಲಿ ಎಲ್ಲ ವಸ್ತುಗಳನ್ನೂ ಒಟ್ಟಾಗಿ ನೋಡಿದಾಗ ಅಪಾಯದ ಏರಿಕೆ ನೂರಕ್ಕೆ 25, ಗಂಡಸರಲ್ಲಿ 40.

ಒಬ್ಬ ವ್ಯಕ್ತಿಯನ್ನು ನಿಲ್ಲಿಸಿ ‘ನಿನ್ನ ರೋಗ ನಿನ್ನ ಕೆಲಸದಿಂದಲೇ ಬಂತು’ ಎಂದು ಹೇಳಲು ಯಾವ ವೈದ್ಯರಿಗೂ ಆಗದು. ಜೀನ್, ಧೂಮಪಾನ, ಧೂಳು, ಇನ್ನೂ ಕೆಲವು ಕಾರಣಗಳು ಕೂಡಿ ಬರುವ ರೋಗವಿದು. ಇವುಗಳಲ್ಲಿ ಜೀನ್ ಬದಲಾಯಿಸಲು ಬರುವುದಿಲ್ಲ. ಧೂಳನ್ನೂ ಹೊಗೆಯನ್ನೂ ಕಡಿಮೆ ಮಾಡಬಹುದು. ಧೂಳಿನ ಕೆಲಸದವರು ಗಂಟು ಊದಿದಾಗ ಬೇರೆಯವರಿಗಿಂತ ಬೇಗ ಪರೀಕ್ಷೆ ಮಾಡಿಸಿಕೊಳ್ಳಬಹುದು. ಈ ಎಲ್ಲ ಅಧ್ಯಯನಗಳಿಂದ ನಮಗೆ ಆಗುವ ಉಪಯೋಗ ಅದೇ.

ಮೊದಲ ಆರು ತಿಂಗಳು

ಎರಡೂ ಕೈಗಳ ಸಣ್ಣ ಗಂಟುಗಳು ಊದಿ, ಬೆಳಗಿನ ಬಿಗಿತ ಅರ್ಧ ಗಂಟೆ ಮೀರಿ, ಆರು ವಾರ ಕಳೆದರೂ ಹೋಗದಿದ್ದರೆ ಇನ್ನು ಕಾಯಬಾರದು. ಮೂರರಿಂದ ಆರು ತಿಂಗಳೊಳಗೆ ಸರಿಯಾದ ಔಷಧ ಶುರುವಾದರೆ ಗಂಟುಗಳು ಸೊಟ್ಟಗಾಗುವುದನ್ನು ಬಹುಪಾಲು ತಡೆಯಬಹುದು. ಒಮ್ಮೆ ಮೂಳೆ ಕೊರೆದುಹೋದರೆ ಅದನ್ನು ಮರಳಿ ತರುವ ಔಷಧವಿಲ್ಲ.

ಪರೀಕ್ಷೆಗಳು ಹೆಚ್ಚೇನೂ ಇಲ್ಲ. ರುಮಟಾಯ್ಡ್ ಫ್ಯಾಕ್ಟರ್, ಆಂಟಿ ಸಿಸಿಪಿ, ಇಎಸ್‌ಆರ್, ಸಿಆರ್‌ಪಿ ಎಂಬ ರಕ್ತಪರೀಕ್ಷೆಗಳು, ಕೈ ಮತ್ತು ಪಾದದ ಎಕ್ಸ್‌ರೇ. ರುಮಟಾಯ್ಡ್ ಫ್ಯಾಕ್ಟರ್ ಒಂದನ್ನೇ ನಂಬುವಂತಿಲ್ಲ. ರೋಗವಿಲ್ಲದವರಲ್ಲೂ ಅದು ಕಾಣಬಹುದು, ರೋಗವಿದ್ದವರಲ್ಲಿ ಕಾಣದೆಯೂ ಇರಬಹುದು. ಗಂಟುಗಳನ್ನು ಮುಟ್ಟಿ ನೋಡಿದ ವೈದ್ಯರ ಮಾತೇ ಮುಖ್ಯ. ಈ ರೋಗದ ತಜ್ಞರಿಗೆ ರುಮಟಾಲಜಿಸ್ಟ್ ಎನ್ನುತ್ತಾರೆ. ಮೂಳೆ ಡಾಕ್ಟರ್ ಬೇರೆ, ಇವರು ಬೇರೆ. ದೊಡ್ಡ ಸರ್ಕಾರಿ, ಪಾಲಿಕೆ ಆಸ್ಪತ್ರೆಗಳ ಮೆಡಿಸಿನ್ ವಿಭಾಗದಲ್ಲಿ ವಿಚಾರಿಸಿದರೆ ದಾರಿ ತೋರಿಸುತ್ತಾರೆ.

ಧೂಳಿನ ಕೆಲಸ ಮಾಡಿದವರು ಎದೆಯ ಎಕ್ಸ್‌ರೇ ತಪ್ಪದೆ ತೆಗೆಸಿಕೊಳ್ಳಬೇಕು. ಸಿಲಿಕಾ ಸೇರಿದ ಶ್ವಾಸಕೋಶಕ್ಕೆ ಕ್ಷಯ ಬೇಗ ತಗಲುತ್ತದೆ. ಗಂಟುರೋಗದ ಔಷಧಗಳು ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತವೆ. ಎರಡೂ ಒಟ್ಟಾದರೆ ಅಪಾಯ. ವೈದ್ಯರಿಗೆ ಕೆಲಸದ ವಿವರ ಗೊತ್ತಿದ್ದರೆ ಅವರು ಮೊದಲೇ ಎಚ್ಚರವಹಿಸುತ್ತಾರೆ.

ಚಿಕಿತ್ಸೆಯ ಬುನಾದಿ ಮೆಥೊಟ್ರೆಕ್ಸೇಟ್ ಎಂಬ ಹಳೆಯ, ಅಗ್ಗದ ಔಷಧ. ಇದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಸಂಚಕಾರ. ಮನೆಯಲ್ಲಿ ಕ್ಯಾಲೆಂಡರಿನಲ್ಲಿ ವಾರ ಗುರುತು ಹಾಕಿ, ಓದು ಬಲ್ಲವರೊಬ್ಬರು ಗಮನಿಸುತ್ತಿರಬೇಕು. ಜೊತೆಗೆ ಫೋಲಿಕ್ ಆಸಿಡ್ ಮಾತ್ರೆ, ನಿಗದಿತ ಅವಧಿಗೊಮ್ಮೆ ರಕ್ತ ಮತ್ತು ಲಿವರ್ ಪರೀಕ್ಷೆ ಬೇಕು. ಮದ್ಯ ಬಿಡಬೇಕು. ಗರ್ಭಿಣಿಯರು, ಮಗು ಬಯಸುವವರು ಇದನ್ನು ತೆಗೆದುಕೊಳ್ಳುವಂತಿಲ್ಲ. ಅಂಥವರು ವೈದ್ಯರಿಗೆ ಮೊದಲೇ ತಿಳಿಸಬೇಕು. ಔಷಧದ ಗುಣ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ‘ಎರಡು ವಾರ ತೆಗೆದುಕೊಂಡೆ, ಏನೂ ಆಗಲಿಲ್ಲ’ ಎಂದು ಬಿಟ್ಟವರು ನಮ್ಮ ಅರ್ಜಿದಾರರಲ್ಲೇ ಇದ್ದಾರೆ.

ಹೆಸರಿಲ್ಲದ ಪುಡಿ, ಪೊಟ್ಟಣದ ಮಾತ್ರೆಗಳ ಬಗ್ಗೆ ಒಂದು ಮಾತು. ಎರಡೇ ದಿನದಲ್ಲಿ ನೋವು ಮಾಯವಾದರೆ ಅದರಲ್ಲಿ ಸ್ಟೆರಾಯ್ಡ್ ಬೆರೆಸಿರುವ ಅನುಮಾನ ಪಡಬೇಕು. ತಿಂಗಳುಗಟ್ಟಲೆ ನುಂಗಿದರೆ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. ಹಾಗೆಂದು ಥಟ್ಟನೆ ನಿಲ್ಲಿಸುವುದೂ ಅಪಾಯವೇ. ಆ ಪೊಟ್ಟಣವನ್ನು ಕೈಯಲ್ಲೇ ಹಿಡಿದುಕೊಂಡು ವೈದ್ಯರಲ್ಲಿಗೆ ಹೋಗಿ. ವರ್ಷಗಟ್ಟಲೆ ಬರೀ ನೋವಿನ ಮಾತ್ರೆ ನುಂಗುವುದರಿಂದ ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಬರುತ್ತವೆ. ರೋಗ ಮಾತ್ರ ಒಳಗೆ ತನ್ನ ಪಾಡಿಗೆ ಬೆಳೆಯುತ್ತಿರುತ್ತದೆ.

ಹಣದ ಲೆಕ್ಕ

ಈ ರೋಗಕ್ಕೆ ನಮ್ಮ ನಿಧಿ ಏಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಆಯುಷ್ಮಾನ್ ಭಾರತ್ ಯೋಜನೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆಯಲ್ಲಿ ದಾಖಲಾದಾಗಿನ ವೆಚ್ಚ ಭರಿಸುತ್ತದೆ. ಸಾಮಾನ್ಯ ಮೆಡಿಕ್ಲೇಮ್ ಕೂಡ ಹೆಚ್ಚಾಗಿ ದಾಖಲಾತಿಗೇ. ರುಮಟಾಯ್ಡ್ ರೋಗಿ ದಾಖಲಾಗುವುದೇ ಅಪರೂಪ. ಅವರ ಖರ್ಚು ಪ್ರತಿ ತಿಂಗಳ ಮಾತ್ರೆ, ರಕ್ತಪರೀಕ್ಷೆ, ಹೋಗಿಬರುವ ರೈಲು ಬಸ್ಸಿನ ಚಾರ್ಜು, ಅಂದು ತಪ್ಪಿದ ದಿನಗೂಲಿ. ಒಂದೊಂದೂ ಸಣ್ಣ ಮೊತ್ತ. ಯಾವ ಯೋಜನೆಯೂ ಕೊಡುವುದಿಲ್ಲ. ಈ ಸಣ್ಣ ಮೊತ್ತ ಹೊಂದದೆ ಮಾತ್ರೆ ನಿಂತು, ನಾಲ್ಕೈದು ವರ್ಷದ ಮೇಲೆ ಅದೇ ವ್ಯಕ್ತಿ ಕೀಲು ಬದಲಿ ಶಸ್ತ್ರಚಿಕಿತ್ಸೆಗೆ ಲಕ್ಷಗಳ ಅಂದಾಜುಪಟ್ಟಿ ಹಿಡಿದು ನಮ್ಮ ಮುಂದೆ ಬರುತ್ತಾರೆ. ಅಷ್ಟರಲ್ಲಿ ಕಲ್ಲು ಹಿಡಿಯುವ ಕೈ ಹೋಗಿರುತ್ತದೆ, ಮನೆಯ ಆದಾಯ ನಿಂತಿರುತ್ತದೆ, ಮಕ್ಕಳಲ್ಲಿ ಒಬ್ಬರು ಓದು ಬಿಟ್ಟಿರುತ್ತಾರೆ.

ತಿಂಗಳ ಸಂಬಳ 21,000 ರೂಪಾಯಿ ಮೀರದ, ಹತ್ತು ಅಥವಾ ಹೆಚ್ಚು ಮಂದಿ ಇರುವ ಘಟಕಗಳಲ್ಲಿ ದುಡಿಯುವವರಿಗೆ ಇಎಸ್‌ಐ ಸೌಲಭ್ಯವಿದೆ. ನೌಕರರ ಪಾಲು ಸಂಬಳದ ನೂರಕ್ಕೆ 0.75, ಮಾಲೀಕರ ಪಾಲು 3.25. ಹೊರರೋಗಿ ಚಿಕಿತ್ಸೆ, ಔಷಧ ಎಲ್ಲವೂ ಅದರಲ್ಲಿ ಸಿಗುತ್ತವೆ, ಮನೆಯವರಿಗೂ ಉಂಟು. ನಿಗದಿತ ದಿನಗಳ ವಂತಿಗೆ ಸಂದಿದ್ದರೆ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ನೂರಕ್ಕೆ 70 ಭಾಗ ಕಾಯಿಲೆ ಭತ್ಯೆಯೂ ಇದೆ. ಸಂಬಳದ ಚೀಟಿಯಲ್ಲಿ ಇಎಸ್‌ಐ ಕಡಿತ ಕಂಡರೆ ಕಾರ್ಡು ಕೇಳಿ ಪಡೆಯಿರಿ.

ಕಾನೂನಿನ ಒಂದು ಅಂಶವನ್ನು ತಿಳಿದಿರಬೇಕು. ಕಾರ್ಮಿಕ ಕಾನೂನಿನಲ್ಲಿ ವೃತ್ತಿರೋಗಗಳ ಪಟ್ಟಿಯಿದೆ. ಸಿಲಿಕೋಸಿಸ್, ಬಿಸಿನೋಸಿಸ್, ಸೀಸದ ವಿಷ ಅದರಲ್ಲಿವೆ. ರುಮಟಾಯ್ಡ್ ಇಲ್ಲ. ಅಂದರೆ ಗಂಟುರೋಗಕ್ಕೆ ವೃತ್ತಿರೋಗವೆಂದು ಪರಿಹಾರ ಕೇಳುವುದು ಕಷ್ಟ. ಆದರೆ ಅದೇ ವ್ಯಕ್ತಿಯ ಎದೆಯ ಎಕ್ಸ್‌ರೇಯಲ್ಲಿ ಸಿಲಿಕೋಸಿಸ್ ಕಂಡುಬಂದರೆ ಲೆಕ್ಕವೇ ಬೇರೆ. ಪರಿಹಾರ ಕೇಳುವ ಹಕ್ಕಿನ ಬಾಗಿಲು ಅಲ್ಲಿ ತೆರೆಯುತ್ತದೆ. ಎಕ್ಸ್‌ರೇ ತೆಗೆಸಿ ಎನ್ನಲು ಇದು ಇನ್ನೊಂದು ಕಾರಣ. ಅಂಥ ಹಕ್ಕಿಗೂ ‘ಎಲ್ಲಿ, ಏನು ಕೆಲಸ, ಎಷ್ಟು ವರ್ಷ’ ಎಂಬ ದಾಖಲೆ ಬೇಕೇ ಬೇಕು.

ಕೆಲಸದ ಜಾಗದಲ್ಲಿ ಮಾಡಬಹುದಾದದ್ದು

ಕಲ್ಲು, ಟೈಲ್ಸ್ ಕೊಯ್ಯುವಾಗ ಬ್ಲೇಡಿನ ಮೇಲೆ ನೀರು ಬೀಳುತ್ತಿರಬೇಕು. ಖರ್ಚು ಒಂದು ಪೈಪು, ಒಂದು ಬಕೆಟ್ಟು. ವಿದ್ಯುತ್ ಯಂತ್ರವಾದ್ದರಿಂದ ಒದ್ದೆಯಲ್ಲಿ ಬಳಸಲು ತಕ್ಕ ಯಂತ್ರವೇ ಆಗಿರಬೇಕು. ಮೂಗಿಗೆ ಕಟ್ಟಿದ ಕರವಸ್ತ್ರ ಸೂಕ್ಷ್ಮ ಧೂಳನ್ನು ತಡೆಯುವುದಿಲ್ಲ. ಕನಿಷ್ಠ ಎನ್95 ಮಾಸ್ಕ್, ಮುಖಕ್ಕೆ ಸರಿಯಾಗಿ ಕೂರುವಂಥದ್ದು ಬೇಕು. ಒಣ ಪೊರಕೆಯಿಂದ ಗುಡಿಸದೆ ನೀರು ಚಿಮುಕಿಸಿ ಒರೆಸಿ. ಬಟ್ಟೆಯ ಧೂಳನ್ನು ಗಾಳಿಯ ಪೈಪಿನಿಂದ ಊದಿಸಬೇಡಿ. ಕೆಲಸದ ಬಟ್ಟೆಯನ್ನು ಮನೆಯೊಳಗೆ ಕೊಡವಬೇಡಿ, ಬೇರೆಯಾಗಿ ಒಗೆಯಿರಿ. ಬೀಡಿ ಸಿಗರೇಟು ಬಿಡಿ. ನಮ್ಮ ಸದಸ್ಯರಲ್ಲಿ ಗುತ್ತಿಗೆದಾರರು, ಘಟಕಗಳ ಮಾಲೀಕರು ಇದ್ದಾರೆ. ನೀರಿನ ವ್ಯವಸ್ಥೆ, ಧೂಳು ಎಳೆಯುವ ಫ್ಯಾನು, ಒಳ್ಳೆಯ ಮಾಸ್ಕ್ ಇವು ಮಾಲೀಕರ ಕರ್ತವ್ಯವೆಂದು ವಿನಯದಿಂದ ನೆನಪಿಸುತ್ತೇನೆ. ಮನೆಯಲ್ಲಿ ಹೊಸ ಕಟ್ಟೆ ಹಾಕಿಸುವ ನಾವೂ ‘ನೀರು ಹಾಕಿ ಕೊಯ್ಯಿರಪ್ಪ’ ಎಂದು ಹೇಳಬಹುದು.

ಅರ್ಜಿದಾರರಲ್ಲಿ, ದಾನಿಗಳಲ್ಲಿ ವಿನಂತಿ

ಅರ್ಜಿ ತುಂಬುವವರು ‘ಉದ್ಯೋಗ’ದ ಕಾಲಂನಲ್ಲಿ ಮೊದಲ ಕೆಲಸದಿಂದ ಇಂದಿನವರೆಗೆ ಏನೇನು ಮಾಡಿದಿರಿ, ಎಷ್ಟೆಷ್ಟು ವರ್ಷ, ಯಾವ ಧೂಳು, ಯಾವ ಹೊಗೆ ಎಂದು ಬರೆಯಿರಿ. ಜಾಗ ಸಾಲದಿದ್ದರೆ ಬೇರೆ ಹಾಳೆ ಲಗತ್ತಿಸಿ. ಬರೆಯಲು ಬಾರದಿದ್ದರೆ ಸಂಘದ ಕಚೇರಿಗೆ ಬನ್ನಿ, ನಾವು ಬರೆದುಕೊಡುತ್ತೇವೆ. ಆ ಹಾಳೆಯ ಒಂದು ಪ್ರತಿಯನ್ನು ಆಸ್ಪತ್ರೆಯ ಫೈಲಿನಲ್ಲಿ ಇಟ್ಟುಕೊಂಡು ಪ್ರತಿ ಸಲವೂ ವೈದ್ಯರಿಗೆ ತೋರಿಸಿ. ಈ ವಿವರಗಳನ್ನು ನಾವು ಉಪಸಮಿತಿಯ ಹೊರಗೆ ಬಿಟ್ಟುಕೊಡುವುದಿಲ್ಲ. ನೆರವು ಕೇಳಲು ರೋಗ ಬಲಿಯುವವರೆಗೆ ಕಾಯಬೇಕಿಲ್ಲ. ಆರು ವಾರದ ಬಾವಿಗೆ ಮೊದಲ ಪರೀಕ್ಷೆಯ ವೆಚ್ಚ ಕೇಳಿ ಬಂದ ಅರ್ಜಿಯೂ ನಮಗೆ ಅಷ್ಟೇ ಮುಖ್ಯ.

ದಾನಿಗಳಲ್ಲಿ ನನ್ನ ಕೋರಿಕೆ ಇಷ್ಟು. ಶಸ್ತ್ರಚಿಕಿತ್ಸೆಗೆ ಒಮ್ಮೆಲೇ ದೊಡ್ಡ ಮೊತ್ತ ಕೊಡುವವರು ನಮ್ಮಲ್ಲಿದ್ದಾರೆ, ಅವರಿಗೆ ನಾವು ಋಣಿಗಳು. ಈ ಬಗೆಯ ರೋಗಿಗಳಿಗೆ ಬೇಕಿರುವುದು ತಪ್ಪದೆ ಬರುವ ಸಣ್ಣ ಕಂತು. ತಿಂಗಳಿಗೆ ನೂರಾಗಲಿ ಐನೂರಾಗಲಿ, ಬ್ಯಾಂಕಿಗೆ ಸ್ಥಾಯಿ ಸೂಚನೆ ಕೊಟ್ಟು ವೈದ್ಯಕೀಯ ನಿಧಿಯ ಖಾತೆಗೆ ಹೋಗುವಂತೆ ಮಾಡಿ. ಇಬ್ಬರು ಮೂವರು ಸದಸ್ಯರು ಹೀಗೆ ಸೇರಿದರೆ ಒಬ್ಬ ರೋಗಿಯ ಮಾತ್ರೆ ಮತ್ತು ರಕ್ತಪರೀಕ್ಷೆಯ ಖರ್ಚು ನಿಲ್ಲದೆ ನಡೆಯುತ್ತದೆ. ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯ ಮೂಲಕವೇ ಕೊಡಿ, ರಸೀದಿ ಪಡೆಯಿರಿ. ಹಣ ಕೊಡಲಾಗದವರು ಎನ್95 ಮಾಸ್ಕಿನ ಒಂದು ಪೆಟ್ಟಿಗೆ ಕೊಡಬಹುದು, ಅಥವಾ ರೋಗಿಯ ಜೊತೆ ಒಂದು ದಿನ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಬಹುದು. ಮರಾಠಿಯಾಗಲಿ ಹಿಂದಿಯಾಗಲಿ ಸರಿಯಾಗಿ ಬಾರದ ನಮ್ಮೂರಿನ ಹೆಣ್ಣುಮಗಳಿಗೆ ‘ವಾರಕ್ಕೆ ಒಂದೇ ದಿನ’ ಎಂಬ ಮಾತನ್ನು ಕನ್ನಡದಲ್ಲಿ ತಿಳಿಸಿ ಹೇಳುವವರೊಬ್ಬರು ಪಕ್ಕದಲ್ಲಿ ಬೇಕು.

ಗಂಟುಬಾವಿನ ಅರ್ಜಿಗಳು ಮುಂದಿನ ಸಭೆಗೆ ಬರಲಿವೆ. ನಿಮ್ಮ ನೆರೆಯಲ್ಲಿ, ನಿಮ್ಮ ಹೋಟೆಲಿನಲ್ಲಿ, ನಿಮ್ಮ ಕಟ್ಟಡದ ಕೆಲಸದಲ್ಲಿ ಬೆಳಗ್ಗೆ ಬೆರಳು ಮಡಚಲಾಗದೆ ಒದ್ದಾಡುವವರಿದ್ದರೆ ಈ ಪುಟವನ್ನು ಅವರಿಗೆ ಓದಿ ಹೇಳಿ, ನಮ್ಮ ಕಚೇರಿಗೆ ಕರೆತನ್ನಿ.